ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಹುಡುಕುವ ಮುನ್ನ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆಯ ತೋಟದ ಮನೆಗಳಲ್ಲಿ ಹಳೆಯ ಜೀಪು ಮನೆಯ ಒಬ್ಬ ಆಳಿನಂತೆ. ಗೊಬ್ಬರದ ಮೂಟೆ ಹೊರುವುದು, ಕಾಫಿ ಚೀಲ ಸಾಗಿಸುವುದು, ಮಳೆಗಾಲದ ನಡುರಾತ್ರಿ ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಎಲ್ಲವೂ ಅದರ ಪಾಲಿನ ಕೆಲಸ. ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಗೂ ಕೊಡಚಾದ್ರಿಯ ನೆತ್ತಿಗೂ ಜನರನ್ನು ಹತ್ತಿಸುವುದು ಇಂದಿಗೂ ಜೀಪುಗಳೇ. ಇಂಥ ಒಂದು ಜೀಪು ತಾತನ ಕಾಲದ ಪೆಟ್ರೋಲ್ ಎಂಜಿನ್ನಿನೊಂದಿಗೆ ಕೊಟ್ಟಿಗೆಯಲ್ಲಿ ನಿಂತಿದೆ ಎನ್ನೋಣ. ಲೀಟರಿಗೆ ಏಳೆಂಟು ಕಿಲೋಮೀಟರ್ ಓಡುವ ಅದನ್ನು ಹೊರಗೆ ತೆಗೆಯಲು ಯಜಮಾನರಿಗೆ ಧೈರ್ಯ ಬಾರದು. ಆಗ ಮನೆಯ ಮಗ ಒಂದು ಸಲಹೆ ಕೊಡುತ್ತಾನೆ: ‘ಗುಜರಿಯಲ್ಲಿ ಒಂದು ಡೀಸೆಲ್ ಎಂಜಿನ್ ಸಿಕ್ಕಿದರೆ ಕೂರಿಸಿಬಿಡೋಣ ಅಪ್ಪಾ.’

ಕೇಳಲು ಸುಲಭ. ಆದರೆ ಈ ಒಂದು ಮಾತಿನೊಳಗೆ ಭೌತಶಾಸ್ತ್ರವಿದೆ, ಅಂಕಗಣಿತವಿದೆ, ಕಾನೂನಿದೆ. ಮನೆಯ ದುಡ್ಡೂ ಇದೆ, ಜೀಪಿನಲ್ಲಿ ಕೂರುವವರ ಜೀವವೂ ಇದೆ. ಆದ್ದರಿಂದ ಎಂಜಿನ್ ಹುಡುಕಲು ಹೊರಡುವ ಮುನ್ನ ಅಪ್ಪ ಮಗ ಇಬ್ಬರೂ ಒಂದು ಕಾಗದ, ಒಂದು ಪೆನ್ಸಿಲ್ ಹಿಡಿದು ಕೂರುವುದು ಒಳ್ಳೆಯದು.

ಬಾನೆಟ್ ಎತ್ತರವಾದ ಕಥೆ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು 1941ರಿಂದ 1945ರ ವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಆ ಜೀಪಿನ ಪೆಟ್ರೋಲ್ ಎಂಜಿನ್ 2199 ಸಿ.ಸಿ. ಗಾತ್ರದ್ದು, 60 ಅಶ್ವಶಕ್ತಿಯದು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲೇ ಮಹೀಂದ್ರ ಕಂಪೆನಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸುವ ಕೆಲಸಕ್ಕೆ ಕೈಹಾಕಿತು.

1953ರಲ್ಲಿ ವಿಲ್ಲಿಸ್ ಕಂಪೆನಿ ಸಿ.ಜೆ. 3ಬಿ ಎಂಬ ಮಾದರಿಯನ್ನು ಹೊರತಂದಿತು. ಅದರ ಎಂಜಿನ್ನಿನಲ್ಲಿ ಗಾಳಿ ಒಳಬರುವ ಕವಾಟಗಳನ್ನು ಸಿಲಿಂಡರಿನ ಪಕ್ಕದಿಂದ ತಲೆಯ ಮೇಲಕ್ಕೆ ಸಾಗಿಸಲಾಗಿತ್ತು. ಶಕ್ತಿ ಹೆಚ್ಚಿತು, ಜೊತೆಗೆ ಎಂಜಿನ್ ಎತ್ತರವೂ ಆಯಿತು. ಹಳೆಯ ಬಾನೆಟ್ ಅದರ ಮೇಲೆ ಮುಚ್ಚದಾಯಿತು. ಕಂಪೆನಿಯವರು ಬಾನೆಟ್ಟನ್ನೇ ಎತ್ತರಿಸಿದರು. ಭಾರತದ ಹಳೆಯ ಜೀಪುಗಳ ಎತ್ತರದ ಮುಖಕ್ಕೆ ಇದೇ ಕಾರಣ. ಎಂಜಿನ್ ಬದಲಾದರೆ ಅದರ ಸುತ್ತಲಿನದೂ ಬದಲಾಗಬೇಕು ಎಂಬ ಮೊದಲ ಪಾಠ ಜೀಪಿನ ಮುಖದಲ್ಲೇ ಇದೆ.

ಕಿಡಿಯಿಲ್ಲದೆ ಬೆಂಕಿ

ಪೆಟ್ರೋಲ್ ಎಂಜಿನ್ನಿಗೇ ಡೀಸೆಲ್ ಸುರಿದರೆ ಆಗದೇ ಎಂದು ಎಷ್ಟೋ ವಿದ್ಯಾರ್ಥಿಗಳು ಕೇಳುವುದುಂಟು. ಆಗದು. ಏಕೆಂದು ತಿಳಿಯಲು ಸೈಕಲ್ ಪಂಪನ್ನು ನೆನೆದರೆ ಸಾಕು. ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುತ್ತದೆ. ಸ್ವಲ್ಪ ಭಾಗ ಘರ್ಷಣೆಯ ಶಾಖ ನಿಜ, ಆದರೆ ಮುಖ್ಯ ಕಾರಣ ಗಾಳಿಯನ್ನು ಒತ್ತಿದ್ದು. ಶಾಖ ಹೊರಗೆ ಸೋರಲು ಸಮಯವೇ ಇಲ್ಲದಷ್ಟು ಬೇಗ ಅನಿಲವನ್ನು ಒತ್ತಿದರೆ, ಒತ್ತಲು ಮಾಡಿದ ಕೆಲಸವೆಲ್ಲ ಅನಿಲದ ಉಷ್ಣತೆಯಾಗಿ ಕಾಣಿಸಿಕೊಳ್ಳುತ್ತದೆ.

ಎಷ್ಟು ಬಿಸಿ? ಪಿಯುಸಿ ಓದುವವರು ಇದನ್ನು ಲೆಕ್ಕ ಹಾಕಬಲ್ಲರು. ಕೆಲ್ವಿನ್ ಮಾನದ ಆರಂಭದ ಉಷ್ಣತೆಯನ್ನು ಸಂಪೀಡನ ಅನುಪಾತದ 0.4ನೆಯ ಘಾತದಿಂದ ಗುಣಿಸಬೇಕು. ಹಳೆಯ ಜೀಪಿನ ಪೆಟ್ರೋಲ್ ಎಂಜಿನ್ ಏಳು ಪಾಲು ಗಾಳಿಯನ್ನು ಸುಮಾರು ಒಂದು ಪಾಲಿಗೆ ಒತ್ತುತ್ತದೆ. 27 ಡಿಗ್ರಿ ಸೆಲ್ಸಿಯಸ್, ಎಂದರೆ 300 ಕೆಲ್ವಿನ್‌ನಿಂದ ಹೊರಟರೆ 653 ಕೆಲ್ವಿನ್ ಮುಟ್ಟುತ್ತದೆ, ಅಂದರೆ 380 ಡಿಗ್ರಿ. ಡೀಸೆಲ್ ಎಂಜಿನ್ ಇಪ್ಪತ್ತು ಪಾಲನ್ನು ಒಂದಕ್ಕೆ ಒತ್ತುತ್ತದೆ ಎಂದಿಟ್ಟುಕೊಂಡರೆ 994 ಕೆಲ್ವಿನ್ ಬರುತ್ತದೆ, ಅಂದರೆ 721 ಡಿಗ್ರಿ. ಒತ್ತಡವೋ ವಾಯುಮಂಡಲದ 66 ಪಟ್ಟು! ವಾಸ್ತವದಲ್ಲಿ ಸಿಲಿಂಡರಿನ ಗೋಡೆಗಳು ಶಾಖವನ್ನು ಹೀರುವುದರಿಂದ ಇಷ್ಟು ಏರದು. ಆದರೂ ಆ ಬಿಸಿಗಾಳಿಯೊಳಕ್ಕೆ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದಾಗ ಅದು ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಈ ವಿಚಾರವನ್ನು ಯಂತ್ರವಾಗಿಸಿದವನು ರುಡಾಲ್ಫ್ ಡೀಸೆಲ್. 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈ ಜರ್ಮನ್ ಎಂಜಿನಿಯರ್, 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನ್ನನ್ನು ಪರೀಕ್ಷೆಗೆ ಒಡ್ಡಿದ. ಇಂಧನದ ಶಕ್ತಿಯಲ್ಲಿ ಶೇಕಡಾ 26ರಷ್ಟನ್ನು ಅದು ಕೆಲಸವಾಗಿ ಪರಿವರ್ತಿಸಿತು. ಅಂದಿನ ಉಗಿ ಯಂತ್ರಗಳಿಗೆ ಅದು ಕನಸಿನ ಮಾತಾಗಿತ್ತು. ಆದರೆ ಸುಮಾರು 20 ಅಶ್ವಶಕ್ತಿಯ ಆ ಎಂಜಿನ್ ಹತ್ತಡಿ ಎತ್ತರದ ಕಬ್ಬಿಣದ ಕಂಬದಂತಿತ್ತು. ಅದನ್ನು ವಾಹನದಲ್ಲಿ ಇಡುವುದು ಹೇಗೆ? ಇಂಧನವನ್ನು ಹನಿಲೆಕ್ಕದಲ್ಲಿ ಅಳೆದು ಸರಿಯಾದ ಗಳಿಗೆಯಲ್ಲಿ ಚಿಮ್ಮಿಸುವ ಪುಟ್ಟ ಪಂಪು ಬೇಕಾಗಿತ್ತು. ರಾಬರ್ಟ್ ಬಾಷ್ ಕಂಪೆನಿ 1927ರಲ್ಲಿ ಅಂಥ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಲಾರಿ, ಡೀಸೆಲ್ ಕಾರುಗಳಿಗೆ ದಾರಿ ತೆರೆಯಿತು. ಅದೇ ಬಾಷ್ ಕುಟುಂಬಕ್ಕೆ ಸೇರಿದ, 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಾರ್ಖಾನೆ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಎಂಜಿನ್ನಿನ ಪಂಪನ್ನೂ ತಯಾರಿಸುತ್ತಿತ್ತು. ಆಡುಗೋಡಿಯ ಆ ಹೆಸರನ್ನು ಹಳೆಯ ಮೆಕ್ಯಾನಿಕ್ಕುಗಳು ಇಂದಿಗೂ ಮರೆತಿಲ್ಲ.

ಉಳಿತಾಯ ಎಲ್ಲಿಂದ ಬರುತ್ತದೆ?

ಡೀಸೆಲ್ ಮೂರು ಕಡೆ ಉಳಿಸುತ್ತದೆ. ಒಂದು, ಹೆಚ್ಚು ಒತ್ತುವ ಎಂಜಿನ್ ಶಾಖದ ಹೆಚ್ಚಿನ ಪಾಲನ್ನು ಕೆಲಸವಾಗಿಸುತ್ತದೆ. ಎರಡು, ಡೀಸೆಲ್ ಎಂಜಿನ್ನಿನ ಗಾಳಿಯ ದಾರಿಗೆ ಪೆಟ್ರೋಲ್ ಎಂಜಿನ್ನಿಗಿರುವಂತೆ ಬಾಗಿಲಿಲ್ಲ. ಪೆಟ್ರೋಲ್ ಎಂಜಿನ್ ನಿಧಾನವಾಗಿ ಓಡುವಾಗ ಅರ್ಧ ಮುಚ್ಚಿದ ಬಾಗಿಲ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳಲು ಶಕ್ತಿಯನ್ನು ಪೋಲು ಮಾಡುತ್ತದೆ. ಡೀಸೆಲ್ ಎಂಜಿನ್ ಯಾವಾಗಲೂ ಹೊಟ್ಟೆ ತುಂಬ ಗಾಳಿ ಎಳೆದು, ಇಂಧನವನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತದೆ. ಮೂರು, ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ, ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32. ಡೀಸೆಲ್ ಹೆಚ್ಚು ಸಾಂದ್ರವಾದ ದ್ರವ. ಲೀಟರ್ ಲೆಕ್ಕದಲ್ಲಿ ಕೊಳ್ಳುವವರಿಗೆ ಅದೇ ಒಂದು ಲಾಭ.

ಇವುಗಳ ಜೊತೆಗೆ ಭಾರತದಲ್ಲಿ ನಾಲ್ಕನೆಯ ಕಾರಣವೂ ಇತ್ತು, ಬೆಲೆ. 1990ರ ದಶಕದಲ್ಲಿ ಡೀಸೆಲ್ ಬೆಲೆ ಹೆಚ್ಚುಕಡಿಮೆ ಪೆಟ್ರೋಲಿನ ಅರ್ಧದಷ್ಟಿತ್ತು. ಪೆಟ್ರೋಲ್ ಬೆಲೆಯ ಮೇಲಿನ ಸರಕಾರದ ಹಿಡಿತ 2010ರಲ್ಲಿ ಸಡಿಲವಾಯಿತು, ಡೀಸೆಲ್ ಬೆಲೆಯದು 2014ರಲ್ಲಿ. ಆ ಬಳಿಕ ಇವೆರಡರ ನಡುವಿನ ಅಂತರ ಬಹಳ ಕಿರಿದಾಗಿದೆ. ಹಿರಿಯರ ಕಾಲದಲ್ಲಿ ಸರಿಯಾಗಿದ್ದ ಲೆಕ್ಕ ಇಂದಿಗೆ ಹೊಂದದಿರಲು ಇದೇ ಕಾರಣ.

ಲೆಕ್ಕವನ್ನು ಮಾಡಿಯೇ ನೋಡೋಣ. ಅಂಕಿಗಳು ಸುಲಭವಾಗಲೆಂದು ಪೆಟ್ರೋಲಿಗೆ 100 ರೂಪಾಯಿ, ಡೀಸೆಲ್ಲಿಗೆ 90 ರೂಪಾಯಿ ಇರಲಿ. ಪೆಟ್ರೋಲ್ ಜೀಪು ಲೀಟರಿಗೆ 8 ಕಿ.ಮೀ., ಡೀಸೆಲ್ ಜೀಪು 12 ಕಿ.ಮೀ. ಓಡಲಿ. ತಿಂಗಳಿಗೆ 1000 ಕಿ.ಮೀ. ಓಡಿಸಿದರೆ ಪೆಟ್ರೋಲ್ 125 ಲೀಟರ್ ಬೇಕು, ಅದಕ್ಕೆ 12,500 ರೂಪಾಯಿ. ಡೀಸೆಲ್ 83.3 ಲೀಟರ್, 7,500 ರೂಪಾಯಿ. ತಿಂಗಳಿಗೆ 5,000 ಉಳಿಯಿತು. ಎಂಜಿನ್, ಗ್ಯಾರೇಜು ಕೂಲಿ, ಹೊಸ ಬ್ಯಾಟರಿ ಎಲ್ಲ ಸೇರಿ ಎರಡು ಲಕ್ಷ ಖರ್ಚಾಯಿತೆಂದರೆ 40 ತಿಂಗಳಲ್ಲಿ ಹಣ ವಾಪಸು ಬಂತು. ಆದರೆ ಅದೇ ಜೀಪು ತಿಂಗಳಿಗೆ 200 ಕಿ.ಮೀ. ಮಾತ್ರ ಓಡುವುದಾದರೆ ಉಳಿಯುವುದು ಒಂದು ಸಾವಿರ ರೂಪಾಯಿ. ಹಾಕಿದ ಹಣ ತಿರುಗಿ ಬರಲು 200 ತಿಂಗಳು, ಎಂದರೆ ಹದಿನಾರು ವರ್ಷ ಎಂಟು ತಿಂಗಳು ಬೇಕು! ಇಂದು ಹತ್ತನೆಯ ತರಗತಿಯಲ್ಲಿರುವ ಮಗ ಅಷ್ಟರಲ್ಲಿ ಮೂವತ್ತು ದಾಟಿರುತ್ತಾನೆ. ಹಾಗಾಗಿ ಮೊದಲು ನೋಡಬೇಕಾದ್ದು ಜೀಪು ವರ್ಷಕ್ಕೆ ಎಷ್ಟು ಓಡುತ್ತದೆ ಎಂಬುದನ್ನು. ಗುಜರಿಯ ದಾರಿ ಆಮೇಲೆ.

ಯಾವ ಎಂಜಿನ್ ಹೊಂದುತ್ತದೆ?

ಡೀಸೆಲ್ ಎಂದ ಮಾತ್ರಕ್ಕೆ ಎಲ್ಲ ಎಂಜಿನ್ನೂ ಜೀಪಿಗೆ ಆಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಟ್ರ್ಯಾಕ್ಟರಿನದೋ ನೀರೆತ್ತುವ ಪಂಪಿನದೋ ಎಂಜಿನ್ ತಂದವರು ಒಂದು ಸರಳ ಗುಣಾಕಾರವನ್ನು ಮರೆತಿರುತ್ತಾರೆ. ವಿಲ್ಲಿಸ್ ಸಿ.ಜೆ. 3ಬಿ ಜೀಪಿನಲ್ಲಿ ಎಂಜಿನ್ 5.38 ಸುತ್ತು ತಿರುಗಿದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗುತ್ತದೆ. ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದಾಗ ವೇಗ ಗಂಟೆಗೆ 98 ಕಿ.ಮೀ. ನಿಮಿಷಕ್ಕೆ 2200 ಸುತ್ತಿಗಿಂತ ಹೆಚ್ಚು ತಿರುಗದ ಎಂಜಿನ್ ಕೂರಿಸಿದರೆ ಅದೇ ಜೀಪಿನ ಗರಿಷ್ಠ ವೇಗ 54 ಕಿ.ಮೀ. ತೋಟದೊಳಗೆ ಅದು ಸಾಕು. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಬಸ್ಸಿಗೆ ಅದೇ ಅಡ್ಡಿ, ಜೀಪಿನವರಿಗೆ ಅದೇ ಅಪಾಯ.

ಮಹೀಂದ್ರ ಕಂಪೆನಿಯೂ ತನ್ನ ಜೀಪುಗಳಿಗೆ ಡೀಸೆಲ್ ಎಂಜಿನ್ ಹುಡುಕುವ ಈ ಕೆಲಸವನ್ನು ಮಾಡಿದೆ. ಮೊದಲು ಟ್ರ್ಯಾಕ್ಟರ್ ಮೂಲದ ಎಂಜಿನ್ ಬಂತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪೆನಿಯ ಎಕ್ಸ್.ಡಿ.ಪಿ. 4.90 ಎಂಬ ಎಂಜಿನ್ ಬಂದು ಎಂ.ಎಂ. 540 ಜೀಪಿನಲ್ಲಿ ಕೂತಿತು. ಹೆಸರಿನಲ್ಲೇ ಗುಟ್ಟಿದೆ: ನಾಲ್ಕು ಸಿಲಿಂಡರ್, ಪ್ರತಿಯೊಂದರ ವ್ಯಾಸ 90 ಮಿಲಿಮೀಟರ್. ಪಿಸ್ಟನ್ ಚಲಿಸುವ ದೂರ 83 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಬಳಸಿದರೆ 2112 ಸಿ.ಸಿ. ಬರುತ್ತದೆ. ಹಳೆಯ ಪೆಟ್ರೋಲ್ ಎಂಜಿನ್ನಿನ ವ್ಯಾಸ 79.4, ಪಿಸ್ಟನ್ನಿನ ದೂರ 111 ಮಿಲಿಮೀಟರ್. ಗಾತ್ರ ಹೆಚ್ಚುಕಡಿಮೆ ಒಂದೇ, ಆಕಾರ ಬೇರೆ. ಒಂದು ಕುಳ್ಳ ದಪ್ಪ, ಇನ್ನೊಂದು ಸಪೂರ ಉದ್ದ. ಪಿಸ್ಟನ್ ಕಡಿಮೆ ದೂರ ಓಡಾಡುವ ಎಂಜಿನ್ ಬೇಗ ಬೇಗ ತಿರುಗಬಲ್ಲದು. ಈ ಪ್ಯೂಜೊ ಎಂಜಿನ್ ನಿಮಿಷಕ್ಕೆ 4000 ಸುತ್ತು ದಾಟಬಲ್ಲದಾದ್ದರಿಂದ ಜೀಪಿನ ವೇಗಕ್ಕೆ ಹೊಂದಿತು.

ಇಲ್ಲಿ ಇನ್ನೊಂದು ನಂಬಿಕೆಯನ್ನು ಪರೀಕ್ಷಿಸಬೇಕು. ಡೀಸೆಲ್ ಎಂದರೆ ಎಳೆಯುವ ಬಲ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. ಎಂಜಿನ್ನಿನ ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು. ಯುದ್ಧಕಾಲದ ಪೆಟ್ರೋಲ್ ಜೀಪಿನದು 2000 ಸುತ್ತಿನಲ್ಲಿ ಸುಮಾರು 142 ನ್ಯೂಟನ್ ಮೀಟರ್. ಪ್ಯೂಜೊ ಡೀಸೆಲ್ಲಿನದು ಸುಮಾರು 120. ಅಂದರೆ ಡೀಸೆಲ್ಲಿನದೇ ಕಡಿಮೆ! ಹಾಗಾದರೆ ಲಾರಿಗಳು ಅಷ್ಟು ಭಾರ ಎಳೆಯುವುದು ಹೇಗೆ? ಒಂದು, ಅವುಗಳ ಎಂಜಿನ್ ಗಾತ್ರ ದೊಡ್ಡದು. ಎರಡು, ಈಚಿನ ಡೀಸೆಲ್ ಎಂಜಿನ್ನುಗಳಿಗೆ ಟರ್ಬೊ ಎಂಬ ಗಾಳಿ ತುಂಬುವ ಚಕ್ರವಿದೆ. ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುವ ಅದು ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ತುರುಕುತ್ತದೆ. ಹೆಚ್ಚು ಗಾಳಿ ಇದ್ದಲ್ಲಿ ಹೆಚ್ಚು ಇಂಧನ ಉರಿಯಬಲ್ಲದು.

ಇದಕ್ಕೆ ಇಂಗ್ಲೆಂಡಿನಲ್ಲಿ ಒಳ್ಳೆಯ ಉದಾಹರಣೆಯಿದೆ. 1989ರಲ್ಲಿ ಬಂದ ಲ್ಯಾಂಡ್ ರೋವರ್ ಡಿಸ್ಕವರಿ ವಾಹನದಲ್ಲಿ 2495 ಸಿ.ಸಿ.ಯ 200 ಟಿ.ಡಿ.ಐ. ಎಂಬ ಟರ್ಬೊ ಡೀಸೆಲ್ ಎಂಜಿನ್ ಇತ್ತು. ಅದರ ಟಾರ್ಕ್ 265 ನ್ಯೂಟನ್ ಮೀಟರ್. ಅಲ್ಲಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಸೇರಿ ಆ ವಾಹನಗಳ ಮೈ ತುಕ್ಕು ಹಿಡಿದು ಉದುರಿತು, ಒಳಗಿನ ಎಂಜಿನ್ ಗಟ್ಟಿಯಾಗಿಯೇ ಉಳಿಯಿತು. ಹಳೆಯ ಲ್ಯಾಂಡ್ ರೋವರ್ ಇದ್ದವರು ಅಂಥ ಗುಜರಿ ವಾಹನಗಳನ್ನು ಹುಡುಕಿ ಎಂಜಿನ್ನನ್ನು ಇಳಿಸಿಕೊಂಡರು. ಅದು ಹಳೆಯ ಲ್ಯಾಂಡ್ ರೋವರ್ ಎಂಜಿನ್ನುಗಳ ವಂಶದ್ದೇ ಆದ್ದರಿಂದ ಗೇರ್ ಬಾಕ್ಸಿಗೆ ಕೂರಿಸಲು ಹೆಚ್ಚು ಕತ್ತರಿಸುವ, ಬೆಸೆಯುವ ಕೆಲಸ ಬರಲಿಲ್ಲ. ಸಂಬಂಧ ಹುಡುಕುವಾಗ ಮನೆತನ ನೋಡುವಂತೆ, ಎಂಜಿನ್ ಹುಡುಕುವಾಗಲೂ ವಂಶ ನೋಡಿದರೆ ಖರ್ಚು ತಗ್ಗುತ್ತದೆ.

ಆದರೆ ಅತಿಯಾದ ಟಾರ್ಕೂ ಒಳ್ಳೆಯದಲ್ಲ. 142 ನ್ಯೂಟನ್ ಮೀಟರಿಗೆಂದು ಮಾಡಿದ ಗೇರು, ಆಕ್ಸಲ್‌ಗಳಿಗೆ ಅದರ ಇಮ್ಮಡಿ ಬಲ ಕೊಟ್ಟರೆ ಮುರಿಯುವುದು ಅವುಗಳ ಹಲ್ಲು. ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ.

ಗುಜರಿಯಲ್ಲಿ ಕಣ್ಣು, ಕಿವಿ, ಮೂಗು

ಬೆಂಗಳೂರಿನ ಶಿವಾಜಿನಗರ, ಮುಂಬಯಿಯ ಕುರ್ಲಾ, ದೆಹಲಿಯ ಮಾಯಾಪುರಿ ಹಳೆಯ ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾದ ಜಾಗಗಳು. ಅಲ್ಲಿ ನೆಲದ ಮೇಲೆ ತೊಳೆದಿಟ್ಟ ಎಂಜಿನ್ ಎಲ್ಲವೂ ಹೊಸದರಂತೆಯೇ ಕಾಣುತ್ತದೆ. ಮೈಗೆ ಬಳಿದ ಬಣ್ಣ ನೋಡಿ ಹಸು ಕೊಳ್ಳುವವರಿಲ್ಲ. ಎಂಜಿನ್ನನ್ನೂ ಹಾಗೆ ಕೊಳ್ಳಬಾರದು.

ಸಾಧ್ಯವಾದರೆ ಎಂಜಿನ್ ಇನ್ನೂ ಹಳೆಯ ವಾಹನದಲ್ಲೇ ಇರುವಾಗ, ತಣ್ಣಗಿರುವಾಗ ಚಾಲೂ ಮಾಡಿಸಿ ನೋಡಬೇಕು. ವ್ಯಾಪಾರಿ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಬೇಕು. ಸಿಲಿಂಡರ್ ಸವೆದ ಡೀಸೆಲ್ ಎಂಜಿನ್ನಿನಲ್ಲಿ ಒತ್ತಿದ ಗಾಳಿ ಸೋರಿಹೋಗುತ್ತದೆ, ಗಾಳಿ ಸಾಕಷ್ಟು ಬಿಸಿಯಾಗದೆ ಬೆಳಗಿನ ಚಳಿಯಲ್ಲಿ ಎಂಜಿನ್ ಏಳದು. ಮೇಲೆ ಮಾಡಿದ ಲೆಕ್ಕವೇ ಇಲ್ಲಿ ರೋಗ ಪತ್ತೆಗೆ ಬರುತ್ತದೆ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಉರಿಯದ ಇಂಧನ, ಇಲ್ಲವೇ ಸಿಲಿಂಡರಿಗೆ ನುಗ್ಗಿದ ನೀರು. ಆಯಿಲ್ ಕಡ್ಡಿ ಎಳೆದು ನೋಡಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಬೆರೆತಿದೆ ಎಂದೇ ಅರ್ಥ. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಹೊರನುಗ್ಗಿದರೆ ಪಿಸ್ಟನ್ ಉಂಗುರಗಳು ಸವೆದಿವೆ. ಇಷ್ಟನ್ನು ಹೈಸ್ಕೂಲು ಹುಡುಗನೂ ನೋಡಬಲ್ಲ. ಸಿಲಿಂಡರಿನ ಒತ್ತಡವನ್ನು ಮೀಟರ್ ಇಟ್ಟು ಅಳೆಯುವುದು ಮಾತ್ರ ಅನುಭವಿ ಮೆಕ್ಯಾನಿಕ್ಕಿನ ಕೆಲಸ.

ಎಲ್ಲಕ್ಕಿಂತ ಮುಖ್ಯವಾದ್ದು ಎಂಜಿನ್ ನಂಬರು. ಅದನ್ನು ಉಜ್ಜಿ ಅಳಿಸಿದ್ದರೆ, ಮೇಲೆ ಬೇರೆ ನಂಬರು ಕೆತ್ತಿದ್ದರೆ, ಬಿಲ್ಲು ಕೊಡಲು ವ್ಯಾಪಾರಿ ಹಿಂಜರಿದರೆ, ಎಷ್ಟೇ ಅಗ್ಗವಾದರೂ ಅಲ್ಲಿಂದ ಎದ್ದು ಬರಬೇಕು. ಕದ್ದ ವಾಹನದ ಎಂಜಿನ್ ಮನೆ ಸೇರಿದರೆ ಪೊಲೀಸರ ಪ್ರಶ್ನೆಗೆ ಉತ್ತರಿಸಬೇಕಾದವರು ಕೊಂಡವರೇ.

ಎಂಜಿನ್ ಒಂದೇ ಬದಲಾಗುವುದಿಲ್ಲ

ಡೀಸೆಲ್ ಎಂಜಿನ್ನಿನೊಳಗಿನ ಒತ್ತಡ ಹೆಚ್ಚು. ಅದನ್ನು ತಡೆಯಲು ಗೋಡೆಗಳು ದಪ್ಪ. ಹಾಗಾಗಿ ಅದೇ ಗಾತ್ರದ ಪೆಟ್ರೋಲ್ ಎಂಜಿನ್ನಿಗಿಂತ ಅದು ಹತ್ತಾರು ಕಿಲೋಗ್ರಾಂ ಹೆಚ್ಚು ತೂಗುತ್ತದೆ. ಆ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಮುಂದಿನ ಪಟ್ಟೆಗಳು ಕುಗ್ಗುತ್ತವೆ, ಸ್ಟಿಯರಿಂಗ್ ಬಿಗಿಯಾಗುತ್ತದೆ. ಹಳ್ಳ ಇಳಿದಾಗ ಎಂಜಿನ್ನಿನ ಆಯಿಲ್ ತೊಟ್ಟಿ ಮುಂದಿನ ಆಕ್ಸಲ್‌ಗೆ ತಗುಲದಂತೆ ಜಾಗ ಬಿಡಬೇಕು. ಇದನ್ನು ಖಾಲಿ ಜೀಪು ಗ್ಯಾರೇಜಿನಲ್ಲಿ ನಿಂತಾಗ ನೋಡಿದರೆ ಸಾಲದು.

ಇಪ್ಪತ್ತು ಪಾಲು ಗಾಳಿಯನ್ನು ಒಂದಕ್ಕೆ ಒತ್ತುವ ಎಂಜಿನ್ನನ್ನು ತಿರುಗಿಸಿ ಎಬ್ಬಿಸಲು ದೊಡ್ಡ ಸ್ಟಾರ್ಟರ್ ಮೋಟಾರ್, ದೊಡ್ಡ ಬ್ಯಾಟರಿ ಬೇಕು. ಯುದ್ಧಕಾಲದ ಜೀಪುಗಳ 6 ವೋಲ್ಟಿನ ವ್ಯವಸ್ಥೆ ಇದಕ್ಕೆ ಸಾಲದು. ಪ್ಯೂಜೊ ಮಾದರಿಯ ಹಳೆಯ ಎಂಜಿನ್ನುಗಳಿಗೆ ಚಳಿಯಲ್ಲಿ ಏಳಲು ಹೀಟರ್ ಪ್ಲಗ್ಗುಗಳ ಬಿಸಿಯೂ ಬೇಕು. ಇಂಧನದ ಟ್ಯಾಂಕು ವಿಲ್ಲಿಸ್ ಜೀಪಿನಲ್ಲಿ ಚಾಲಕನ ಸೀಟಿನ ಕೆಳಗಿದೆ. ಅದನ್ನು ತೊಳೆದು, ಪಂಪು ಮತ್ತು ನಾಝಲ್‌ಗಳಿಂದ ಉಳಿದ ಡೀಸೆಲ್ ಹಿಂತಿರುಗಿ ಬರಲು ಇನ್ನೊಂದು ಕೊಳವೆ ಜೋಡಿಸಬೇಕು. ನೀರು, ಕಸ ಸೋಸುವ ಒಳ್ಳೆಯ ಫಿಲ್ಟರ್ ಇಲ್ಲದಿದ್ದರೆ ಪಂಪು ಬೇಗನೆ ಕೆಡುತ್ತದೆ.

ಇನ್ನು ನಿಲ್ಲಿಸುವ ಮಾತು. ಪೆಟ್ರೋಲ್ ಎಂಜಿನ್ನಿನ ಕೀಲಿ ತಿರುಗಿಸಿದರೆ ಕಿಡಿ ನಿಂತು ಎಂಜಿನ್ ನಿಲ್ಲುತ್ತದೆ. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ! ಇಂಧನವನ್ನು ತಡೆದರೆ ಮಾತ್ರ ಅದು ನಿಲ್ಲುವುದು. ಅದಕ್ಕೆ ಎಳೆಯುವ ತಂತಿಯೋ ವಿದ್ಯುತ್ ಕವಾಟವೋ ಸರಿಯಾಗಿ ಇರಲೇಬೇಕು. ಬ್ರೇಕಿನ ವಿಷಯ ಇನ್ನೂ ಸೂಕ್ಷ್ಮ. ಪಾದದ ಒತ್ತಡವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್ ಪೆಟ್ರೋಲ್ ವಾಹನಗಳಲ್ಲಿ ಎಂಜಿನ್ನಿನ ಗಾಳಿಯ ದಾರಿಯಲ್ಲಿ ಉಂಟಾಗುವ ನಿರ್ವಾತವನ್ನು ನಂಬಿರುತ್ತದೆ. ಡೀಸೆಲ್ಲಿನ ಗಾಳಿಯ ದಾರಿಗೆ ಬಾಗಿಲಿಲ್ಲವೆಂದು ಮೇಲೆ ನೋಡಿದೆವಲ್ಲ, ಆದ್ದರಿಂದ ನಿರ್ವಾತವೂ ಇಲ್ಲ. ಅದಕ್ಕಾಗಿಯೇ ಬೇರೆ ಪಂಪು ಜೋಡಿಸುತ್ತಾರೆ. ಅದನ್ನು ಮರೆತ ಜೀಪು ಮನೆಯಂಗಳದಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ, ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಬಲವಾದ ಎಂಜಿನ್ ಹಾಕಿಸುವವರು ಅದಕ್ಕೆ ತಕ್ಕ ಬ್ರೇಕನ್ನು ಮೊದಲು ಹಾಕಿಸಬೇಕು.

ಕಾನೂನು ಏನು ಹೇಳುತ್ತದೆ?

ಹೆತ್ತವರು ಹೆಚ್ಚು ಗಮನ ಕೊಡಬೇಕಾದ ಭಾಗ ಇದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ವಾಹನದ ಬದಲಾವಣೆಗೆ ಸಂಬಂಧಿಸಿದ್ದು. ಮೊದಲು ನೋಂದಣಿ ಅಧಿಕಾರಿಗೆ ತಿಳಿಸಿ, ಅನುಮತಿ ಪಡೆದು ಬದಲಾವಣೆ ಮಾಡಿಸಬಹುದಿತ್ತು. ಪೆಟ್ರೋಲಿನಿಂದ ಡೀಸೆಲ್ಲಿಗೆ ಬದಲಾದ ಎಷ್ಟೋ ಹಳೆಯ ಜೀಪುಗಳ ಆರ್.ಸಿ. ಪುಸ್ತಕದಲ್ಲಿ ಹಾಗೆ ದಾಖಲಾಗಿದೆ. 2000ದಲ್ಲಿ ಈ ಕಲಮಿಗೆ ತಿದ್ದುಪಡಿ ಬಂತು. ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಆರ್.ಸಿ.ಯ ವಿವರಗಳು ಭಿನ್ನವಾಗುವಂಥ ಬದಲಾವಣೆಯನ್ನು ಅದು ನಿರ್ಬಂಧಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಬೇರೆ ಇಂಧನದಲ್ಲಿ ಓಡಿಸಲು ಅಂಗೀಕೃತ ಪರಿವರ್ತನಾ ಕಿಟ್ ಬಳಸುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಗುಜರಿಯಿಂದ ತಂದ ಎಂಜಿನ್ ಅಂಥ ಕಿಟ್ ಅಲ್ಲ.

ಹೀಗಾಗಿ, ಆರ್.ಸಿ.ಯಲ್ಲಿ ಪೆಟ್ರೋಲ್ ಎಂದಿರುವ ಜೀಪಿಗೆ ಬೇರೆ ಕಂಪೆನಿಯ ಡೀಸೆಲ್ ಎಂಜಿನ್ ಕೂರಿಸಿ ರಸ್ತೆಗೆ ಇಳಿಸುವುದು ಇಂದು ಸುಲಭದ ಮಾತಲ್ಲ. ದಾಖಲೆ ಒಂದು, ಎಂಜಿನ್ ಇನ್ನೊಂದು ಇದ್ದರೆ ನೋಂದಣಿ ನವೀಕರಣದ ದಿನ ತೊಡಕು. ಅದಕ್ಕಿಂತ ದೊಡ್ಡ ತೊಡಕು ಅಪಘಾತವಾದ ದಿನ. ವಿಮಾ ಕಂಪೆನಿ ಎಂಜಿನ್ ನಂಬರು ನೋಡಿ ಪರಿಹಾರಕ್ಕೆ ತಕರಾರು ತೆಗೆದರೆ ಉಳಿಸಿದ ಡೀಸೆಲ್ ದುಡ್ಡು ಯಾವ ಮೂಲೆಗೆ? ಆದ್ದರಿಂದ ಮುಂಗಡ ಕೊಡುವ ಮುನ್ನ ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಬೇಕು. ‘ಎಲ್ಲ ಮಾಡಿಸಿಕೊಡುತ್ತೇನೆ ಸ್ವಾಮೀ’ ಎನ್ನುವ ದಲ್ಲಾಳಿಯ ಬಾಯಿಮಾತು ಉತ್ತರವಲ್ಲ.

ಇದರರ್ಥ ಹಳೆಯ ಜೀಪಿಗೆ ದಾರಿಯೇ ಇಲ್ಲವೆಂದಲ್ಲ. ಆರ್.ಸಿ.ಯಲ್ಲಿ ಮೊದಲಿನಿಂದಲೇ ಡೀಸೆಲ್ ಎಂದಿರುವ ಎಂ.ಎಂ. 540ರಂಥ ಜೀಪಿನ ಎಂಜಿನ್ ಸವೆದಿದ್ದರೆ, ಅದೇ ತಯಾರಿಕೆಯ ಅದೇ ಮಾದರಿಯ ಎಂಜಿನ್ ಹುಡುಕಿ, ಅನುಮತಿ ಪಡೆದು, ನಂಬರನ್ನು ಆರ್.ಸಿ.ಯಲ್ಲಿ ಬರೆಸಿಕೊಳ್ಳಲು ಪ್ರಯತ್ನಿಸಬಹುದು. ಇರುವ ಎಂಜಿನ್ನನ್ನೇ ಬಿಚ್ಚಿ ಬೋರ್ ಮಾಡಿಸಿ, ಪಿಸ್ಟನ್ ಬದಲಿಸಿದರೆ ನಂಬರಿನ ಗೊಡವೆಯೇ ಇಲ್ಲ. ಪೆಟ್ರೋಲ್ ಜೀಪಿನ ಕಾರ್ಬ್ಯುರೇಟರ್, ಕವಾಟಗಳನ್ನು ಸರಿಮಾಡಿಸಿದರೂ ಮೈಲೇಜು ಒಂದಿಷ್ಟು ಏರುತ್ತದೆ. ಕಡಿಮೆ ಓಡುವ ಜೀಪಿಗೆ ಅದೇ ಲಾಭದ ದಾರಿ ಎಂದು ಮೇಲಿನ ಹದಿನಾರು ವರ್ಷದ ಲೆಕ್ಕ ಹೇಳುತ್ತದೆ.

ಹೊಗೆಯ ಮಾತನ್ನೂ ಬಿಡುವಂತಿಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರಲ್ಲಿ ಘೋಷಿಸಿದೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಜಾರಿಯಾದ ಬಿ.ಎಸ್. 6 ನಿಯಮದ ಹೊಸ ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಸೋಸುಕಗಳಿವೆ. ಗುಜರಿಯ ಹಳೆಯ ಎಂಜಿನ್ನಿಗೆ ಅದಿಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ಅದನ್ನು ಓಡಿಸಿ ನಿಲ್ಲುವುದು, ಮಕ್ಕಳನ್ನು ಹತ್ತಿರ ನಿಲ್ಲಿಸಿಕೊಳ್ಳುವುದು ತರವಲ್ಲ.

ವಿದ್ಯಾರ್ಥಿಗಳಿಗೆ ಮನೆಗೆಲಸ

ಒಂದು: ಸೈಕಲ್ ಪಂಪಿನ ಮೂತಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹತ್ತಾರು ಬಾರಿ ಬೇಗ ಬೇಗ ಒತ್ತಿ, ಬುಡವನ್ನು ಮುಟ್ಟಿ ನೋಡಿ. ನಂತರ ಅಷ್ಟೇ ಬಾರಿ ಬಹಳ ನಿಧಾನವಾಗಿ ಒತ್ತಿ ನೋಡಿ. ವ್ಯತ್ಯಾಸವೇಕೆ?

ಎರಡು: ಎಂಜಿನ್ನಿನ ಶಕ್ತಿ ವ್ಯಾಟ್‌ಗಳಲ್ಲಿ ಬೇಕಿದ್ದರೆ ಟಾರ್ಕನ್ನು ಸೆಕೆಂಡಿಗೆ ಆಗುವ ಸುತ್ತುಗಳಿಂದ, ಆಮೇಲೆ 6.28ರಿಂದ ಗುಣಿಸಬೇಕು. 142 ನ್ಯೂಟನ್ ಮೀಟರ್, ನಿಮಿಷಕ್ಕೆ 2000 ಸುತ್ತು. ಎಷ್ಟು ವ್ಯಾಟ್? 746ರಿಂದ ಭಾಗಿಸಿದರೆ ಎಷ್ಟು ಅಶ್ವಶಕ್ತಿ? ಉತ್ತರ ನಲವತ್ತರ ಹತ್ತಿರ ಬರಬೇಕು. ಅರವತ್ತು ಅಶ್ವಶಕ್ತಿಯ ಎಂಜಿನ್ನಿಗೆ ಉಳಿದ ಇಪ್ಪತ್ತು ಎಲ್ಲಿಂದ ಬರುತ್ತದೆ ಎಂದು ಯೋಚಿಸಿ.

ಮೂರು: ಮನೆಯಲ್ಲಿ ವಾಹನವಿದ್ದರೆ, ಒಂದು ತಿಂಗಳು ಅದರ ಕಿಲೋಮೀಟರ್ ಓಟ, ಹಾಕಿಸಿದ ಇಂಧನ, ಕೊಟ್ಟ ಹಣವನ್ನು ನೋಟುಬುಕ್ಕಿನಲ್ಲಿ ಬರೆದಿಡಿ. ತಿಂಗಳ ಕೊನೆಗೆ ಅಪ್ಪ ಅಮ್ಮನೊಂದಿಗೆ ಕೂತು ಕೂಡಿಸಿ. ಎಂಜಿನ್ ಬದಲಿಸಬೇಕೋ, ಇದ್ದುದನ್ನು ರಿಪೇರಿ ಮಾಡಿಸಿದರೆ ಸಾಕೋ ಎಂಬುದಕ್ಕೆ ಆ ಪುಟದ ಉತ್ತರ ಗುಜರಿಯ ವ್ಯಾಪಾರಿಯ ಉತ್ತರಕ್ಕಿಂತ ನಂಬಿಕೆಗೆ ಅರ್ಹ.